ವೀರಬಸಪ್ಪನ ಬಲಗಡೆಯ ಲಿಂಕು

ಎರಡೂ ಕಾಲಿಗೆ ಎಡಗಾಲಿನ ಚಪ್ಪಲಿಯನ್ನೇ ಹೊಲಿದುಬಿಟ್ಟವನ ಮುಖ ಹೇಗಾಗುತ್ತದೋ, ಆ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ವೀರಬಸಪ್ಪನ ಮುಖ ಹಾಗಾಗಿತ್ತು.

ಅವನು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಯಶವಂತಪುರ ಸ್ಟೇಷನ್ನಿನ ಹಿಂದಿನ ವಠಾರದಲ್ಲಿ, ತನ್ನ ಮನೆಯ ಮುಂದಿನ ಕೋಣೆಯ ನೆಲದ ಮೇಲೆ ಅವನು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಎದುರಿಗೆ ಎರಡು ಅಡಿ ಉದ್ದದ ಒಂದು ಉಗಿಬಂಡಿ ಎಂಜಿನ್ನು. ಆಟಿಕೆ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ನಿಜವಾದ ಬಾಯ್ಲರು, ನಿಜವಾದ ಪಿಸ್ಟನ್ನು, ಬೆಂಕಿ ಹಚ್ಚಿದರೆ ನಿಜವಾಗಿ ಓಡಬೇಕಾದದ್ದು. ಏಳು ವರ್ಷದ ಕೆಲಸ. ಉಳಿದದ್ದು ಚಕ್ರದ ಪಕ್ಕ ಬರುವ ವಾಲ್ವ್ ಗೇರ್ ಮಾತ್ರ. ಯಾವ ಗಳಿಗೆಯಲ್ಲಿ ಪಿಸ್ಟನ್ನಿನ ಯಾವ ಬದಿಗೆ ಹಬೆ ಬಿಡಬೇಕು ಎಂದು ತೀರ್ಮಾನಿಸುವ ಸಣ್ಣ ಸಣ್ಣ ಸರಳುಗಳ ಸಂಸಾರ ಅದು. ಆ ಸಂಸಾರದ ಯಜಮಾನನೆಂದರೆ ಲಿಂಕು. ಬಾಳೆಹಣ್ಣಿನಂತೆ ಬಾಗಿದ ಉಕ್ಕಿನ ತುಂಡು, ನಡುವೆ ಉದ್ದಕ್ಕೂ ಸೀಳು, ಕೆಳಗೊಂದು ಬಾಲ, ಒಂದು ಮುಖದಲ್ಲಿ ಮಾತ್ರ ಪಿನ್ನು. ಎಂಜಿನ್ನಿಗೆ ಇಂಥವು ಎರಡು ಬೇಕು, ಎಡಗಡೆಗೊಂದು, ಬಲಗಡೆಗೊಂದು. ಕನ್ನಡಿಯಲ್ಲಿ ನೋಡಿದ ಹಾಗೆ ಒಂದಕ್ಕೊಂದು ತಿರುವುಮುರುವಾಗಿರಬೇಕು.

ವೀರಬಸಪ್ಪ ಬಲಗಡೆಯದನ್ನು ಕೂರಿಸಲು ಹೋದ. ಬಾಗು ಮುಂದಕ್ಕೆ ಬಂದರೆ ಪಿನ್ನು ಒಳಕ್ಕೆ ಹೋಗುತ್ತಿತ್ತು. ಪಿನ್ನು ಹೊರಕ್ಕೆ ಬಂದರೆ ಬಾಗು ಹಿಂದಕ್ಕೆ. ತಲೆಕೆಳಗೆ ಮಾಡಿದರೆ ಬಾಲ ಮೇಲಕ್ಕೆ. ನಾಲ್ಕು ಸಲ ತಿರುಗಿಸಿದ ಮೇಲೆ ಅವನಿಗೆ ಹೊಳೆಯಿತು. ತಗಡಿನಲ್ಲಿ ಕತ್ತರಿಸಿಕೊಂಡಿದ್ದ ಮಾದರಿಯನ್ನು ಎರಡನೆಯ ಸಲ ಗೆರೆ ಎಳೆಯುವಾಗ ಮಗುಚಿ ಹಾಕಲು ಮರೆತಿದ್ದ. ಎರಡೂ ಎಡಗಡೆಯವೇ ಆಗಿದ್ದವು. ಪಿನ್ನನ್ನು ಬೇರೆ ಬೆಸೆದುಬಿಟ್ಟಿದ್ದ, ಬಿಚ್ಚಹೋದರೆ ಲಿಂಕೇ ಸೊಟ್ಟಗಾಗುತ್ತಿತ್ತು.

ಅವನ ತಪ್ಪೂ ಅಲ್ಲವೆನ್ನಿ. ತುಮಕೂರು ರಸ್ತೆಯ ಕಾರ್ಖಾನೆಯೊಂದರಲ್ಲಿ ಅವನು ಟರ್ನರ್. ಹನ್ನೊಂದು ವರ್ಷದಿಂದ ಲೋಹ ಕಡೆಯುವ ಒಂದೇ ಲೇಥಿನ ಮುಂದೆ ನಿಂತು, ಬಳೆಯಂತೆ ದುಂಡಗಿನ ಒಂದೇ ಬಗೆಯ ಬುಷ್ಷನ್ನು ದಿನಕ್ಕೆ ನಾನೂರರಂತೆ ತೆಗೆಯುತ್ತಿದ್ದ. ಬುಷ್ಷಿಗೆ ಎಡ ಬಲ ಅಂತ ಇರುವುದಿಲ್ಲ. ಹನ್ನೊಂದು ವರ್ಷ ಬುಷ್ಷು ಮಾಡಿದ ಕೈಗೆ ಲೋಕದಲ್ಲಿ ಎಡ ಬಲ ಅನ್ನುವುದೊಂದಿದೆ ಎಂಬುದೇ ಮರೆತುಹೋದರೆ ಆಶ್ಚರ್ಯವೇನು! ಈ ಎಂಜಿನ್ನು ಹುಟ್ಟಿದ್ದೂ ಆ ಬೇಸರದಿಂದಲೇ. ಇದರಲ್ಲಿ ಒಂದು ತುಂಡಿನಂತೆ ಇನ್ನೊಂದಿರಲಿಲ್ಲ, ಅದಕ್ಕೇ ಅವನಿಗೆ ಇದರ ಮೇಲೆ ಜೀವ.

ಆದರೆ ತಪ್ಪಾಗಲು ಆ ದಿನವೇ ಬೇಕಿತ್ತೆ? ಗುರುವಾರ ಊಟದ ಹೊತ್ತಿನಲ್ಲಿ ಎಂಜಿನ್ನಿನ ಪುಟ್ಟ ಸರಳೊಂದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಾಗ ವರ್ಕ್ಸ್ ಮ್ಯಾನೇಜರ್ ವೆಂಕಟಸ್ವಾಮಿಯವರು ಹಿಂದಿನಿಂದ ಬಂದು ನಿಂತಿದ್ದರು. ವಿಷಯ ಕೇಳಿ, ಕನ್ನಡಕ ಮೇಲೇರಿಸಿ, "ಭಾನುವಾರ ನಾಲ್ಕು ಗಂಟೆಗೆ ನಿಮ್ಮ ಮನೆಗೆ ಬರ್ತೀನಿ, ಓಡಿಸಿ ತೋರಿಸಿ. ಟೂಲ್ ರೂಮ್‌ನಲ್ಲಿ ಒಂದು ಜಾಗ ಖಾಲಿ ಇದೆ, ಗೊತ್ತಲ್ಲ?" ಎಂದು ಹೇಳಿ ಹೋಗಿದ್ದರು. ಟೂಲ್ ರೂಮ್! ದಿನಕ್ಕೊಂದು ಹೊಸ ಕೆಲಸ, ಒಮ್ಮೆ ಮಾಡಿದ್ದನ್ನು ಮತ್ತೆ ಮಾಡಬೇಕಾಗಿಲ್ಲ. ಆ ಬಾಗಿಲ ಮುಂದೆ ಹಾದುಹೋಗುವಾಗಲೆಲ್ಲ ವೀರಬಸಪ್ಪನ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು.

"ರತ್ನಾ, ನಾ ಕೆಟ್ಟೆ," ಎಂದ ವೀರಬಸಪ್ಪ.

ಅವನ ಹೆಂಡತಿ ರತ್ನವ್ವ ಒಳಗಿನಿಂದ ಚಹಾ ತಂದಳು. ಗದಗಿನ ಕಡೆಯವಳು, ಗಂಡನ ಹುಚ್ಚನ್ನು ಏಳು ವರ್ಷ ಸಹಿಸಿದವಳು. "ಏನಾತ್ರೀ? ಮುರದೈತೇನು?"

"ಮುರಿದಿದ್ರ ಛಲೋ ಇತ್ತು. ಎರಡೂ ಎಡಕ್ಕ ಆಗ್ಯಾವ. ಸಂಜಿ ನಾಕು ಗಂಟೆ ಒಳಗ ಇನ್ನೊಂದು ಆಗಬೇಕು."

"ಮಾಡ್ರಿ ಹಂಗಾರ. ಕುಂತು ಮಾರಿ ನೋಡಿದ್ರ ಆಗತೈತೇನು?"

ಮಾಡಲು ಲೇಥ್ ಇತ್ತು. ಗುಜರಿಯಲ್ಲಿ ತುಕ್ಕಿನ ಗುಡ್ಡೆಯಾಗಿ ಬಿದ್ದಿದ್ದ ಪುಟ್ಟ ಲೇಥನ್ನು ಐದು ವರ್ಷದ ಹಿಂದೆ ಬಿಡಿ ಬಿಡಿಯಾಗಿ ತಂದು, ಹಳೆಯ ಹೊಲಿಗೆ ಮಿಷನ್ನಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಕಾಲಲ್ಲಿ ತುಳಿದು ತಿರುಗಿಸುವ ಹಾಗೆ ಮಾಡಿಕೊಂಡಿದ್ದ. ಕೋಣೆಯ ಅರ್ಧ ಜಾಗ ಅದಕ್ಕೇ ಹೋಗಿತ್ತು. ರತ್ನವ್ವ ಸೋಮವಾರ ಸೋಮವಾರ ದೇವರ ಜೊತೆ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು. ಇಲ್ಲದ್ದು ಉಕ್ಕಿನ ತುಂಡು. ಭಾನುವಾರ ಯಾವ ಅಂಗಡಿಯೂ ತೆಗೆಯುವುದಿಲ್ಲ.

ವೀರಬಸಪ್ಪ ಮನೆಯೆಲ್ಲ ತಡಕಿದ, ಅಂಗಳಕ್ಕೆ ಬಂದ. ವಠಾರಕ್ಕೆಲ್ಲ ಒಂದೇ ಬಚ್ಚಲು, ಅದರ ಬಾಗಿಲನ್ನು ಚೌಕಟ್ಟಿಗೆ ಹಿಡಿದದ್ದು ಯಾವುದೋ ಕಾಲದ ಕಬ್ಬಿಣದ ಪಟ್ಟಿಗಳು, ಮೇಲೊಂದು ಕೆಳಗೊಂದು. ಕಾಲಿಂಚು ದಪ್ಪ. ಅವನ ಕಣ್ಣು ಮೇಲಿನ ಪಟ್ಟಿಯ ಮೇಲೆ ನಿಂತಿತು. ಒಂದು ದಿನದ ಮಟ್ಟಿಗೆ ಕೆಳಗಿನದೊಂದೇ ಸಾಕಲ್ಲ ಎಂದುಕೊಂಡ. ಅತ್ತಿತ್ತ ನೋಡಿ, ಬೋಲ್ಟು ಸಮೇತ ಪಟ್ಟಿಯನ್ನು ಬಿಚ್ಚಿಕೊಂಡು, ಬಾಗಿಲಿಗೊಂದು ತೆಂಗಿನ ಹಗ್ಗ ಬಿಗಿದು ಒಳಗೆ ನಡೆದ.

ಈ ಸಲ ತಗಡಿನ ಮಾದರಿಯನ್ನು ಮಗುಚಿ ಹಾಕಿದ. ಮೂರು ಸಲ ಎಂಜಿನ್ನಿನ ಪಕ್ಕ ಹಿಡಿದು ನೋಡಿದ. ರತ್ನವ್ವನನ್ನೂ ಕರೆದು ತೋರಿಸಿದ. ಗರಗಸದಲ್ಲಿ ಕುಯ್ದು, ತುಂಡನ್ನು ಲೇಥಿನ ದುಂಡು ತಟ್ಟೆಯ ಅಂಚಿಗೆ ಬಿಗಿದು, ತಟ್ಟೆಯನ್ನು ಕೈಯಲ್ಲೇ ತೊಟ್ಟಿಲು ತೂಗುವ ಹಾಗೆ ಹಿಂದೆ ಮುಂದೆ ತೂಗುತ್ತಾ ಬಾಗಿದ ಸೀಳನ್ನು ಕೂದಲೆಳೆ ಕೂದಲೆಳೆಯಾಗಿ ಕೊರೆದ. ಹನ್ನೆರಡೂವರೆಗೆ ಸೀಳು ಮುಗಿಯಿತು. ಇನ್ನು ಪಿನ್ನು. ಪಿನ್ನಿಗೆ ಲೇಥನ್ನು ಜೋರಾಗಿ ತಿರುಗಿಸಬೇಕು. ಪಟ್ಟಿಯ ಜೊತೆ ಬಂದಿದ್ದ ಬೋಲ್ಟನ್ನು ಲೇಥಿನ ಹಿಡಿತಕ್ಕೆ ಸಿಕ್ಕಿಸಿ ಕಾಲು ಒತ್ತಿದ್ದೇ ತಡ, ಲೇಥಿನ ಚರ್ಮದ ಬೆಲ್ಟು ಪಟ್ಟನೆ ಹರಿದು ಅವನ ಮೊಣಕಾಲಿಗೆ ಬಡಿಯಿತು.

ಪಕ್ಕದ ಮನೆಯ ಸುಗ್ರಾ ಬಟ್ಟೆ ಹೊಲಿಯುವವಳು. ಅವಳ ಮಿಷನ್ನಿನ ಬೆಲ್ಟೂ ಇದೇ ಅಳತೆಯದು. ವೀರಬಸಪ್ಪ ಬಾಗಿಲಲ್ಲಿ ನಿಂತು ಕೈ ಮುಗಿದ.

"ತಂಗೀ, ಐದು ನಿಮಿಷ ನಿನ್ನ ಬೆಲ್ಟು ಕೊಡವ್ವಾ."

"ಐದು ನಿಮಿಷ ಅಂದ್ರೆ ಐದೇ ನಿಮಿಷ, ಬಸಪ್ಪಣ್ಣ! ಸಾಯಂಕಾಲ ಮಂಗ್ನಿ, ನಿಶ್ಚಿತಾರ್ಥ ಇದೆ, ಹುಡುಗಿ ಡ್ರೆಸ್ಸು ಅರ್ಧ ಆಗಿದೆ. ನಾನೂ ಬರ್ತೀನಿ, ನಿಮ್ಮ ಐದು ನಿಮಿಷ ನಂಗೆ ಗೊತ್ತು," ಎಂದು ಸುಗ್ರಾ ಬೆಲ್ಟಿನ ಹಿಂದೆಯೇ ಬಂದು ಅವನ ಕೋಣೆಯ ಬಾಗಿಲಲ್ಲಿ ಕೂತಳು. ಅವಳ ಹಿಂದೆ ಅವಳ ಅತ್ತೆ ಅಕ್ಬರಿ, ಎಪ್ಪತ್ತು ದಾಟಿದ ಮುದುಕಿ, ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಎಲೆಅಡಿಕೆ ಡಬ್ಬಿ ಸಮೇತ ಬಂದಳು.

ಪಿನ್ನು ಮುಗಿಯುತ್ತಾ ಬಂದಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಧಡ್ ಎಂದು ಸದ್ದಾಯಿತು. ಅದರ ಬೆನ್ನಿಗೇ ಒಂದು ಗಂಡು ಕೂಗು.

ಎಣ್ಣೆಸ್ನಾನಕ್ಕೆ ಹೋಗಿದ್ದ ವಠಾರದ ಮುನಿಶಾಮಪ್ಪ ಒಳಗಿನಿಂದ ಬಚ್ಚಲಿನ ಬಾಗಿಲು ಎಳೆದುಕೊಂಡಿದ್ದ. ಹಗ್ಗ ಬಿಚ್ಚಿಕೊಂಡು ಬಾಗಿಲು ಅಂಗಳಕ್ಕೆ ಅಂಗಾತ ಬಿದ್ದಿತ್ತು. ಸೊಂಟಕ್ಕೊಂದು ಟವಲು, ತಲೆ ತುಂಬ ಸೀಗೆಪುಡಿ, ಅಂಥ ಅವತಾರದಲ್ಲಿ ಅವನು ನೇರ ವೀರಬಸಪ್ಪನ ಕೋಣೆಗೇ ನುಗ್ಗಿದ. ಅವನೂ ಅದೇ ಕಾರ್ಖಾನೆಯವನು, ಸ್ಟೋರ್ಸಿನಲ್ಲಿ ಕೆಲಸ, ಯೂನಿಯನ್ ಕಮಿಟಿಯಲ್ಲಿ ಮೆಂಬರು. ಲೋಕದಲ್ಲಿ ಯಾರಿಗೆ ಏನು ಕಷ್ಟ ಬಂದರೂ ಅದಕ್ಕೊಂದು ಉಪಾಯ ಹೇಳದೆ ಅವನಿಗೆ ಊಟ ಸೇರುತ್ತಿರಲಿಲ್ಲ.

"ಯಾವನಯ್ಯ ಬಾಗ್ಲು ಪಟ್ಟಿ ಬಿಚ್ಚಿದ್ದು? ಮಾನ ಮರ್ಯಾದೆ ಇರೋ ಮನುಷ್ಯ ಇಂಗೆ ಬೀದೀಲಿ ನಿಂತ್ಕೊಬೇಕಾ?"

ವೀರಬಸಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮ್ಯಾನೇಜರ್ ಬರುವ ವಿಷಯ ಕೇಳುತ್ತಲೇ ಮುನಿಶಾಮಪ್ಪನ ಸಿಟ್ಟು ಇಳಿದು ಮುಖ ಗಂಭೀರವಾಯಿತು. ಕಣ್ಣಿಗೆ ಇಳಿಯುತ್ತಿದ್ದ ಸೀಗೆಪುಡಿ ಒರೆಸಿಕೊಂಡು ಲೇಥನ್ನೇ ದಿಟ್ಟಿಸಿದ.

"ಬಸಪ್ಪ, ನಿಂಗೆ ತಲೆ ಐತಾ? ವರ್ಕ್ಸ್ ಮ್ಯಾನೇಜರ್ ಮನೆಗೆ ಬರೋ ದಿನ ಲೇಥ್ ಇಟ್ಕೊಂಡು ಕೂತಿದ್ದೀಯಲ್ಲ!"

"ಯಾಕ್ರೀ, ಏನಾತು?"

"ಏನಾತು ಅಂತೀಯಲ್ಲ. ಈ ಲೇಥ್ ತಗೊಂಡಿದ್ದಕ್ಕೆ ರಸೀದಿ ಐತಾ?"

"ಗುಜರಿ ಅಂಗಡ್ಯಾಗ ಯಾರ್ ರಸೀದಿ ಕೊಡ್ತಾರ್ರೀ?"

"ಅದೇ ನಾನು ಹೇಳಿದ್ದು. ಇಲ್ಲಿ ಪ್ರೈವೇಟ್ ಕೆಲಸ ಮಾಡ್ತಾನೆ, ಕಂಪನಿ ಸಾಮಾನು ತರ್ತಾನೆ ಅಂತ ಅಂದ್ಕೊಳ್ಳಲ್ವಾ? ಹೋದ ವರ್ಷ ಪೇಂಟ್ ಶಾಪಿನೋನು ಒಂದು ಬ್ರಷ್ಷು ಜೇಬಲ್ಲಿಟ್ಕೊಂಡು ಬಂದ. ಬ್ರಷ್ಷೂ ಹೋಯ್ತು, ಕೆಲಸಾನೂ ಹೋಯ್ತು. ಇದೇನಿದು?" ಎಂದು ಮುನಿಶಾಮಪ್ಪ ಲೇಥಿನಲ್ಲಿ ಸಿಕ್ಕಿಸಿದ್ದ ಕೊರೆಯುವ ಉಳಿಯನ್ನು ಬೆರಳಲ್ಲಿ ತೋರಿಸಿದ. ಎರಡಿಂಚಿನ ಮೋಟು ತುಂಡು, ಅದರ ಬದಿಯಲ್ಲಿ ಕಾರ್ಖಾನೆಯ ಮುದ್ರೆ ಇನ್ನೂ ನಿಚ್ಚಳವಾಗಿತ್ತು.

"ಅದು ಸವೆದದ್ದರಿ. ಕಸದಾಗ ಒಗದಿದ್ರು, ನಾ ಎತ್ಕೊಂಡೆ," ಎಂದ ವೀರಬಸಪ್ಪ.  ಬದುಕಿನಲ್ಲಿ ಅವನು ಕಾರ್ಖಾನೆಯಿಂದ ತಂದ ಒಂದೇ ಒಂದು ವಸ್ತು ಅದು.

"ಕಸಾನೂ ಕಂಪನೀದೇ ಕಣಯ್ಯ," ಎಂದ ಮುನಿಶಾಮಪ್ಪ. ಟೂಲ್ ರೂಮಿನ ಬಾಗಿಲು ಮುಚ್ಚಿ, ಕಾರ್ಖಾನೆಯ ಗೇಟೂ ಮುಚ್ಚಿಕೊಳ್ಳುತ್ತಿರುವುದು ವೀರಬಸಪ್ಪನ ಕಣ್ಣಿಗೆ ಕಂಡಿತು.

ಲೇಥನ್ನು ಹೊರಗೆ ಸಾಗಿಸೋಣವೆಂದರೆ ಅದು ಬಾಗಿಲಲ್ಲಿ ಹಿಡಿಯುತ್ತಿರಲಿಲ್ಲ. ಬಿಚ್ಚಲು ಒಂದು ದಿನ ಬೇಕು. ಸೀರೆ ಹೊದಿಸಿದರೆ ಸೀರೆ ಹೊದ್ದ ಲೇಥಿನ ಹಾಗೇ ಕಾಣುತ್ತಿತ್ತು. ಕೊನೆಗೆ ಮುನಿಶಾಮಪ್ಪನೇ ದಾರಿ ಕಂಡುಹಿಡಿದ. ಮೇಲೆ ಎರಡು ಹಲಗೆ, ಅದರ ಮೇಲೆ ಗಾದಿ, ಗಾದಿಯಿಂದ ನೆಲದವರೆಗೆ ಇಳಿಬಿಟ್ಟ ರತ್ನವ್ವನ ದೊಡ್ಡ ಕೌದಿ. ನೋಡಿದವರಿಗೆ ಎತ್ತರದ ಮಂಚ. ಆದರೆ ಮಂಚವೆಂದಮೇಲೆ ಸುಮ್ಮನೆ ಖಾಲಿ ಇದ್ದರೆ ಸಾಹೇಬರು ಅದರ ಮೇಲೇ ಕೂತುಬಿಟ್ಟರೆ?

ಎಲ್ಲರ ದೃಷ್ಟಿ ಅಕ್ಬರಿಯ ಮೇಲೆ ಹೋಯಿತು.

"ನಾನಾ?" ಎಂದಳು ಮುದುಕಿ.

"ಅಮ್ಮೀ, ಅರ್ಧ ಗಂಟೆ ಮಲಗಿರಿ. ಬಸಪ್ಪಣ್ಣನ ನೌಕರಿ ಪ್ರಶ್ನೆ," ಎಂದಳು ಸುಗ್ರಾ. ತನ್ನ ಬೆಲ್ಟು ಇನ್ನೂ ಲೇಥಿನಲ್ಲೇ ಇದೆ, ಅದು ಗಾದಿಯ ಕೆಳಗೆ ಹೋಯಿತು ಎನ್ನುವುದು ಅವಳಿಗೆ ಹೊಳೆದದ್ದು ಆಮೇಲೆ. ಅಷ್ಟರಲ್ಲಿ ವೀರಬಸಪ್ಪ ಪಿನ್ನು ಬೆಸೆದು, ಲಿಂಕು ಉಜ್ಜಿ, ಎಂಜಿನ್ನಿನ ಬಲಗಡೆಗೆ ಕೂರಿಸುತ್ತಿದ್ದ. ಬಾಗು ಮುಂದಕ್ಕೆ, ಪಿನ್ನು ಹೊರಕ್ಕೆ, ಬಾಲ ಕೆಳಕ್ಕೆ. ಚಕ್ರವನ್ನು ಬೆರಳಲ್ಲಿ ತಿರುಗಿಸಿದ. ಸರಳುಗಳೆಲ್ಲ ಮೈಮುರಿದು ಎದ್ದ ಹಾಗೆ ಹಿಂದಕ್ಕೂ ಮುಂದಕ್ಕೂ ತೂಗಿದವು. ಆಗ ಮೂರು ಮುಕ್ಕಾಲು ಗಂಟೆ.

ವೆಂಕಟಸ್ವಾಮಿಯವರು ಹೇಳಿದ ಹೊತ್ತಿಗೆ ಸರಿಯಾಗಿ ಸ್ಕೂಟರಿನಲ್ಲಿ ಬಂದಿಳಿದರು. ಅಂಗಳದಲ್ಲಿ ಹಲಗೆಯ ಮೇಲೆ ಹದಿನೆಂಟು ಅಡಿ ಕಂಬಿ ಹಾಸಿತ್ತು. ವಠಾರಕ್ಕೆ ವಠಾರವೇ ಜಗುಲಿಯ ಮೇಲೆ ನೆರೆದಿತ್ತು. ವೀರಬಸಪ್ಪ ಸ್ಪಿರಿಟ್ ದೀಪ ಹಚ್ಚಿದ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಬಾಯ್ಲರಿನ ಒತ್ತಡ ತೋರಿಸುವ ಮುಳ್ಳು ಅಲುಗಿತು. ಅವನು ಬೆರಳಿನಿಂದ ಸನ್ನೆಕೋಲನ್ನು ಮುಂದಕ್ಕೆ ತಳ್ಳಿ ಹಬೆ ಬಿಟ್ಟ.

ಚುಫ್, ಎಂದಿತು ಎಂಜಿನ್ನು. ಇನ್ನೊಂದು ಸಲ ಚುಫ್ ಎಂದು ಚಕ್ರ ಅರ್ಧ ಸುತ್ತಿತು. ಆಮೇಲೆ ಯಾರ ಹಂಗೂ ಇಲ್ಲದ ಹಾಗೆ ತನ್ನ ಪಾಡಿಗೆ ತಾನು ಕಂಬಿಯುದ್ದಕ್ಕೂ ಓಡಿತು. ಸನ್ನೆಕೋಲು ಹಿಂದಕ್ಕೆಳೆದರೆ ಹಿಂದಕ್ಕೆ ಬಂತು, ಮುಂದಕ್ಕೆ ತಳ್ಳಿದರೆ ಮುಂದಕ್ಕೆ ಹೋಯಿತು. ಜಗುಲಿಯ ಮೇಲಿನ ಜನ ಹೋ ಎಂದರು. ವೀರಬಸಪ್ಪನ ಕಣ್ಣಲ್ಲಿ ನೀರು ಬಂತು. ಏಳು ವರ್ಷದಲ್ಲಿ ಅವನಿಗೆ ಅಷ್ಟು ಸಂತೋಷವಾದದ್ದಿಲ್ಲ, ಅಂಗಿಯ ತೋಳಿನಲ್ಲಿ ಕಣ್ಣು ಒರೆಸಿಕೊಂಡ.

ಮ್ಯಾನೇಜರು ಪ್ಯಾಂಟು ಮಣ್ಣಾಗುವುದನ್ನೂ ನೋಡದೆ ಮಂಡಿಯೂರಿ, ವಾಲ್ವ್ ಗೇರಿನ ಹತ್ತಿರ ಮುಖ ಒಯ್ದು ಬಹಳ ಹೊತ್ತು ನೋಡಿದರು. ಆಮೇಲೆ ಎಲ್ಲರೂ ಕೋಣೆಯೊಳಗೆ ಬಂದರು. ರತ್ನವ್ವ ಶಿರಾ ಮತ್ತು ಚಹಾ ತಂದಿಟ್ಟಳು. ಎತ್ತರದ ಮಂಚದ ಮೇಲೆ ಅಕ್ಬರಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಆ ಲಿಂಕಿದೆಯಲ್ಲ ವೀರಬಸಪ್ಪ, ಅದನ್ನ ಯಾವ ಮಷೀನ್ ಮೇಲೆ ಮಾಡಿದ್ರಿ?" ಎಂದರು ವೆಂಕಟಸ್ವಾಮಿ.

ವೀರಬಸಪ್ಪ ಬಾಯಿ ತೆರೆಯುವ ಮೊದಲೇ ಮುನಿಶಾಮಪ್ಪ ಎದ್ದುನಿಂತ. "ಮಷೀನಾ? ಎಲ್ಲಿ ಸಾರ್ ಮಷೀನು? ಬಡವ ಸಾರ್ ಇವ್ನು. ಎಲ್ಲಾ ಕೈಯಲ್ಲೇ! ಬರೀ ಅರ ತಗೊಂಡು ಉಜ್ಜಿ ಉಜ್ಜಿ ಮಾಡಿರೋದು."

"ಆ ಬಾಗಿದ ಸೀಳು? ಅರದಲ್ಲಿ?" ಮ್ಯಾನೇಜರು ವೀರಬಸಪ್ಪನ ಕಡೆ ತಿರುಗಿದರು. "ಹೌದೇನ್ರೀ?"

ವೀರಬಸಪ್ಪ ಮುನಿಶಾಮಪ್ಪನನ್ನು ನೋಡಿದ, ಕೌದಿಯನ್ನು ನೋಡಿದ. ಅದರ ಹಿಂದಿದ್ದ ಎರಡಿಂಚಿನ ಮೋಟು ಉಳಿ ಕಣ್ಣ ಮುಂದೆ ಬಂತು. "ಹೌದ್ರಿ ಸಾಹೇಬ್ರ," ಎಂದ.

ಅದೇ ಗಳಿಗೆಯಲ್ಲಿ ಮಂಚದಿಂದ "ಹಾಯ್ ಅಲ್ಲಾ" ಎಂದು ನರಳಾಟ ಕೇಳಿತು. ಹಲಗೆಗಳ ನಡುವಿನ ಸಂದಿಯಿಂದ ಲೇಥಿನ ಹಿಡಿಯೊಂದು ಮುದುಕಿಯ ಸೊಂಟಕ್ಕೆ ಸರಿಯಾಗಿ ತಾಗುತ್ತಿತ್ತು.

"ಪಾಪ, ಏನಾಗಿದೆ ಅಜ್ಜಿಗೆ?" ಎಂದು ಕೇಳಿದರು ಸಾಹೇಬರು.

"ಸೊಂಟನೋವು," ಎಂದಳು ಸುಗ್ರಾ.

"ಟೈಫಾಯ್ಡು," ಎಂದ ಮುನಿಶಾಮಪ್ಪ, ಅದೇ ಕ್ಷಣಕ್ಕೆ. ಆಮೇಲೆ ಸುಗ್ರಾಳ ಮುಖ ನೋಡಿ, "ಟೈಫಾಯ್ಡೇ ಸಾರ್, ಸೊಂಟಕ್ಕೆ ಇಳಿದೈತೆ," ಎಂದು ತಿದ್ದಿದ.

ಮ್ಯಾನೇಜರಿಗೆ ಅದರ ಕಡೆ ಗಮನವಿರಲಿಲ್ಲ. ಚಹಾದ ಲೋಟ ಕೆಳಗಿಟ್ಟು, ನಿಧಾನವಾಗಿ ಹೇಳತೊಡಗಿದರು. "ನಿಜ ಹೇಳ್ಬೇಕು ಅಂದ್ರೆ ನಾನು ಬೇರೇನೋ ಅಂದ್ಕೊಂಡು ಬಂದಿದ್ದೆ. ಟೂಲ್ ರೂಮಿಗೆ ಒಂದು ಪುಟ್ಟ ಲೇಥ್ ಬಂದು ಎರಡು ತಿಂಗಳಾಯ್ತು. ನಮ್ಮೋರೆಲ್ಲ ಆನೆಯಂಥ ಮಷೀನ್ ಮೇಲೆ ಪಳಗಿದೋರು, ಅದನ್ನ ಮುಟ್ಟಿದೋರೆಲ್ಲ ಕೆಡಿಸಿದ್ರು. ಇಷ್ಟು ನಾಜೂಕಿನ ಕೆಲಸ ಮಾಡ್ತೀರಿ ಅಂದ್ರೆ ನಿಮ್ಮ ಮನೇಲಿ ಒಂದು ಚಿಕ್ಕ ಲೇಥ್ ಇದ್ದೇ ಇರುತ್ತೆ, ಹಳೇದೋ ಗುಜರೀದೋ, ಅದನ್ನೊಂದು ಕಣ್ಣಲ್ಲಿ ನೋಡಿದ್ರೆ ನಾಳೆಯೇ ಆರ್ಡರ್ ಮಾಡಿಬಿಡೋಣ ಅಂತ ಬಂದೆ."

 ಸುಗ್ರಾ ಸೆರಗು ಬಾಯಿಗಿಟ್ಟುಕೊಂಡಳು. ಮುನಿಶಾಮಪ್ಪ ಶಿರಾದ ತಟ್ಟೆಯೊಳಗೆ ಏನೋ ಹುಡುಕತೊಡಗಿದ.

ವೀರಬಸಪ್ಪ ಎದ್ದು ನಿಂತ. "ಸಾಹೇಬ್ರ, ಲೇಥು ಐತ್ರಿ..."

"ಬೇಡ ವೀರಬಸಪ್ಪ," ಎಂದು ಸಾಹೇಬರು ಕೈ ಎತ್ತಿದರು. "ಕೆಲಸಕ್ಕಾಗಿ ಈಗ ಹಾಗೆ ಹೇಳ್ಬೇಡಿ. ಮೊದಲು ನಿಜ ಹೇಳಿದ್ರಲ್ಲ, ಅದು ನಂಗೆ ತುಂಬಾ ಇಷ್ಟವಾಯ್ತು. ಆ ಜಾಗ ಖಾಲಿ ಆಗಿದ್ದು ಯಾಕೆ ಗೊತ್ತಾ? ಅಲ್ಲಿದ್ದವನು ನನ್ನ ಮುಖಕ್ಕೇ ಸುಳ್ಳು ಹೇಳಿದ. ಅವತ್ತೇ ಮನೆಗೆ ಕಳಿಸಿದೆ."

 ಕೌದಿಯ ಅಂಚು ಹಿಡಿಯಲು ವೀರಬಸಪ್ಪ ಮುಂದಕ್ಕೆ ಚಾಚಿದ್ದ ಕೈ ಏನು ಮಾಡಬೇಕೆಂದು ತಿಳಿಯದೆ ಅಕ್ಬರಿಯ ಕಾಲಿನ ಮೇಲೆ ಕೌದಿಯನ್ನು ಸರಿಯಾಗಿ ಹೊದಿಸಿತು.

"ನೋಡಿ, ಎಂಥ ಒಳ್ಳೇ ಮನಸ್ಸು," ಎಂದರು ಸಾಹೇಬರು, ಮೆಚ್ಚುಗೆಯಿಂದ. "ನಾನೊಂದು ತೀರ್ಮಾನ ಮಾಡಿದ್ದೀನಿ. ಬರೀ ಅರದಲ್ಲಿ ಇಂಥಾ ಲಿಂಕು ಮಾಡೋ ಕೈನ ಮಷೀನಿಗೆ ಕಟ್ಟಿಹಾಕಿದ್ದು ನಮ್ಮ ತಪ್ಪು. ನಾಳೆಯಿಂದ ನಿಮಗೆ ಲೇಥ್ ಇಲ್ಲ. ಬರ್ ತೆಗೆಯೋ ಬೆಂಚಿಗೆ ಬನ್ನಿ. ಹನ್ನೆರಡು ಸಾವಿರ ಬ್ರಾಕೆಟ್ಟು ಬಿದ್ದಿವೆ, ಅಂಚು ಉಜ್ಜೋರೇ ಇಲ್ಲ. ಎಲ್ಲಾ ನಿಮ್ಮ ಕೈಯಲ್ಲೇ ಆಗಲಿ."

ಬರ್ ತೆಗೆಯುವ ಬೆಂಚೆಂದರೆ ಕಾರ್ಖಾನೆಯ ಹಿಂಬದಿಯ ಶೆಡ್ಡು. ಬೆಳಗಿನಿಂದ ಸಂಜೆಯವರೆಗೆ ನಿಂತು, ಅಚ್ಚಿನಿಂದ ಬಂದ ತುಂಡುಗಳ ಚೂಪು ಅಂಚನ್ನು ಅರ ಹಿಡಿದು ಉಜ್ಜುವ ಜಾಗ. ಅಲ್ಲಿಗೆ ಹೋದವರು ಮೂರು ತಿಂಗಳಲ್ಲಿ ಕೆಲಸ ಬಿಟ್ಟು ಹೋಗುತ್ತಿದ್ದರು, ಇಲ್ಲವೇ ಯೂನಿಯನ್ನಿಗೆ ಸೇರುತ್ತಿದ್ದರು. ಮುನಿಶಾಮಪ್ಪ ಯೂನಿಯನ್ನಿಗೆ ಬಂದದ್ದೂ ಆ ದಾರಿಯಲ್ಲೇ.

ಸಾಹೇಬರು ವೀರಬಸಪ್ಪನ ಬೆನ್ನು ತಟ್ಟಿ ಹೊರಟರು.  ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ರತ್ನವ್ವನಿಗೆ ಮಾತ್ರ ಅರ್ಥವಾದದ್ದು ಒಂದೇ. ಗಂಡ ಕಾರ್ಖಾನೆಯ ಆ ಹಾಳು ಲೇಥಿನಿಂದ ಪಾರಾದ, ಮ್ಯಾನೇಜರೇ ಮನೆಗೆ ಬಂದು ಬೆನ್ನು ತಟ್ಟಿ ಹೋದರು. ಅವಳು ಶಿರಾದ ಪಾತ್ರೆಯನ್ನೇ ಎತ್ತಿಕೊಂಡು ಬಂದಳು.

"ಸುಗ್ರಾ, ಅಕ್ಬರವ್ವಾ, ತಗೋರಿ. ನಮ್ಮನೀಯವ್ರಿಗೆ ಬಡ್ತಿ ಆತು! ಹನ್ನೊಂದು ವರ್ಷ ಕಾದದ್ದಕ್ಕೂ ದೇವ್ರು ಕಣ್ ತೆರದ."

ಜಗುಲಿಯ ಮೇಲಿದ್ದ ಜನಕ್ಕೂ ಸುದ್ದಿ ಮುಟ್ಟಿತು. ಒಬ್ಬೊಬ್ಬರೇ ಬಂದು ವೀರಬಸಪ್ಪನ ಕೈ ಕುಲುಕಿದರು. ಮುನಿಶಾಮಪ್ಪ ಎಲ್ಲರಿಗೂ, "ನಾನು ಒಂದು ಮಾತು ಹೇಳಿದ್ದಕ್ಕೆ ಆಗಿದ್ದು," ಎನ್ನುತ್ತಾ ಎರಡನೆಯ ಸಲ ಶಿರಾ ಹಾಕಿಸಿಕೊಂಡ.

ರತ್ನವ್ವ ಗಂಡನ ಅಂಗೈಯಲ್ಲಿ ಒಂದು ದೊಡ್ಡ ಉಂಡೆ ಇಟ್ಟಳು. "ಈಗರೆ ಸಮಾಧಾನ ಆತಿಲ್ರೀ? ನೀವು ಬೇಡಿಕೊಂಡದ್ದು ಆತಲ್ಲ?"

ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ಅವನು ಮದುವೆಯ ದಿನವೂ ನೋಡಿರಲಿಲ್ಲ. ಇನ್ನು ಅವಳಿಗೆ ನಿಜ ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಆತು," ಎಂದು ಹೇಳಿ ವೀರಬಸಪ್ಪ ಶಿರಾ ಬಾಯಿಗಿಟ್ಟುಕೊಂಡ. ಆ ಸಂಜೆ ಅವನು ಹೇಳಿದ ಎರಡನೆಯ ಸುಳ್ಳು ಅದು.